ಸೋವಿಯತ್ ಫ್ಯಾಕ್ಟರಿ ಡೈರೆಕ್ಟರ್ ಕುರ್ಚಿಲಿ ಕೂತ್ರೆ ವರ್ಷ ದಾಟ್ಸೋದು ಹೇಗೆ

ಪ್ಲಾನ್ಡ್ ಎಕಾನಮಿ ಅಂದ ಕೂಡ್ಲೇ ನಮ್ಮಲ್ಲಿ ಮಾತು ಸೀದಾ ಮಾಸ್ಕೋಗೆ ಹೋಗಿ ಅಲ್ಲೇ ಕೂತ್ಬಿಡತ್ತೆ, ಸ್ಟಾಲಿನ್ ಏನ್ ಮಾಡಿದ, ಗೋಸ್‌ಪ್ಲಾನ್ ಅನ್ನೋ ಸರ್ಕಾರಿ ಯೋಜನಾ ಸಮಿತಿ ಏನ್ ಬರೀತು, ಅಷ್ಟೇ. ಫ್ಯಾಕ್ಟರಿ ಒಳಗೆ ಕೂತು ನಡೆಸ್ತಿದ್ದವರು ಸೋಮವಾರ ಬೆಳಿಗ್ಗೆ ಬಂದು ಮೊದಲು ಯಾವ ಫೈಲ್ ತೆಗೀತಿದ್ರು ಅನ್ನೋದನ್ನ ಯಾರೂ ಹೇಳಲ್ಲ. ನನಗೆ ಅದೇ ಮುಖ್ಯ ಅನ್ಸತ್ತೆ. 1928ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಶುರುವಾದಾಗಿಂದ ಅರವತ್ತು ವರ್ಷ ಆ ಗಾಡಿ ಓಡಿತಲ್ಲ, ಪ್ಲಾನ್‌ನಲ್ಲಿ ಬಿಟ್ಟುಹೋದ ತೂತುಗಳನ್ನ ಈ ಜನ ದಿನಾ ಮುಚ್ಚುತ್ತಾ ಇದ್ದದ್ದಕ್ಕೇ ಓಡಿದ್ದು. ಹಾಗಾಗಿ ಹೀಗಂದ್ಕೊಳ್ಳಿ, 1970ರ ದಶಕದ ಶುರು, ಉರಾಲ್ ಕಡೆ ಒಂದು ಮಧ್ಯಮ ಗಾತ್ರದ ಫ್ಯಾಕ್ಟರಿ, ಪಂಪ್ ತಯಾರ್ ಮಾಡ್ತೀರಿ, ಮೂರು ಸಾವಿರ ಜನ ಕೆಲಸಕ್ಕಿದ್ದಾರೆ, ನಿಮ್ಮನ್ನ ಈಗಷ್ಟೇ ಡೈರೆಕ್ಟರ್ ಮಾಡಿದ್ದಾರೆ.

ಮೊದಲು ತಲೆಯಿಂದ ಒಂದು ಅಭ್ಯಾಸ ತೆಗೀಬೇಕು. ನಮಗೆ ಫ್ಯಾಕ್ಟರಿ ಅಂದ್ರೆ ಗಿರಾಕಿ ಹುಡುಕೋದು, ಮಾಲು ಮಾರೋದು, ಬ್ಯಾಂಕ್ ಸಾಲ ತೀರಿಸೋದು. ಇಲ್ಲಿ ನಿಮ್ಮ ಪಂಪ್ ಯಾರಿಗೆ ಹೋಗ್ಬೇಕು ಅಂತ ಮೇಲಿಂದನೇ ಬರೆದು ಬಂದಿರತ್ತೆ, ಬೆಲೆನೂ ಅವ್ರೇ ಕಟ್ಟಿರ್ತಾರೆ, ನಷ್ಟ ಆದ್ರೆ ಮಿನಿಸ್ಟ್ರಿ ಇನ್ನೊಂದು ಫ್ಯಾಕ್ಟರಿ ಲಾಭದಿಂದ ತಂದು ತುಂಬ್ಸತ್ತೆ, ಬಾಗಿಲು ಹಾಕ್ಕೊಂಡು ಹೋಗೋ ಭಯ ಇಲ್ಲವೇ ಇಲ್ಲ. ಸಿಗದೇ ಇರೋದು ಮಾಲು. ಸ್ಟೀಲ್ ಶೀಟು, ಬೇರಿಂಗು, ಕೇಬಲ್ಲು, ಬೋಲ್ಟು. ಅಕೌಂಟ್ ತುಂಬ ರೂಬಲ್ ಇದ್ರೂ ಇಷ್ಟು ಮಾಲು ನಿಮಗೆ ಅಂತ ಮೇಲಿಂದ ಬರೋ ಅಲಾಟ್‌ಮೆಂಟ್ ಕಾಗದ ಇಲ್ಲಾಂದ್ರೆ ಆ ದುಡ್ಡಿಗೆ ಬೆಲೆ ಇಲ್ಲ. ಮನೆ ಕಟ್ಟೋಕೆ ಸಿಮೆಂಟ್ ಪರ್ಮಿಟ್‌ಗಾಗಿ ಆಫೀಸಿಂದ ಆಫೀಸಿಗೆ ಅಲೆದ ಹಿರಿಯರು ನಿಮ್ಮನೇಲಿದ್ರೆ ಕೇಳಿ ನೋಡಿ, ಅದೇ ಕಷ್ಟ ಇಡೀ ಇಂಡಸ್ಟ್ರಿಗೆ, ಪ್ರತಿ ಐಟಂಗೂ, ವರ್ಷಪೂರ್ತಿ. ಆದ್ದರಿಂದ ಹೊಸ ಡೈರೆಕ್ಟರ್ ಮೊದಲ ವಾರದಲ್ಲಿ ಮಾಡ್ಬೇಕಾದ ಕೆಲಸ ಅಸೆಂಬ್ಲಿ ಶಾಪ್ ನೋಡೋದಲ್ಲ, ಗೋಡೌನ್ ನೋಡೋದು. ಸ್ಟೋರ್ ಕೀಪರ್ ಜೊತೆ ಒಂದೊಂದು ರ‍್ಯಾಕ್ ನೋಡಿ, ಪುಸ್ತಕದಲ್ಲಿ ಏನಿದೆ, ನಿಜವಾಗ್ಲೂ ಏನಿದೆ, ಪುಸ್ತಕದಲ್ಲಿ ಇಲ್ದೇ ಇರೋದು ಏನೇನಿದೆ, ಮೂರನೇದು ಬಹಳ ಮುಖ್ಯ.

ಯಾರ ಮಾತು ಕೇಳ್ಬೇಕು

ಕಾಗದದ ಮೇಲೆ ನೀವೇ ಯಜಮಾನ್ರು. 1929ರಿಂದ ಏಕವ್ಯಕ್ತಿ ಆಡಳಿತ ಅನ್ನೋ ನಿಯಮ ಇದೆ, ಆರ್ಡರ್‌ಗೆ ಸಹಿ ನಿಮ್ಮದು, ತಪ್ಪಾದ್ರೆ ತಲೆನೂ ನಿಮ್ಮದೇ. ಆದ್ರೆ ನಿಮ್ಮ ಮೇಲೆ ಗ್ಲಾವ್ಕ್ ಇದೆ, ಅಂದ್ರೆ ಮಿನಿಸ್ಟ್ರಿ ಒಳಗೆ ನಿಮ್ಮಂಥ ಫ್ಯಾಕ್ಟರಿಗಳನ್ನ ನೋಡ್ಕೊಳ್ಳೋ ವಿಭಾಗ, ಅದರ ಮೇಲೆ ಮಿನಿಸ್ಟ್ರಿ, ಅದರ ಮೇಲೆ ಗೋಸ್‌ಪ್ಲಾನ್. 1957ರಲ್ಲಿ ಆಗಿನ ನಾಯಕ ಕ್ರುಶ್ಚೇವ್ ಬಹುಪಾಲು ಇಂಡಸ್ಟ್ರಿ ಮಿನಿಸ್ಟ್ರಿಗಳನ್ನ ಎತ್ತಿಹಾಕಿ ಫ್ಯಾಕ್ಟರಿಗಳನ್ನ ಪ್ರಾದೇಶಿಕ ಕೌನ್ಸಿಲ್‌ಗಳ ಕೈಗೆ ಕೊಟ್ಟಿದ್ರು, 1965ರಲ್ಲಿ ಪ್ರಧಾನಿ ಕೊಸಿಗಿನ್ ಕಾಲಕ್ಕೆ ಮಿನಿಸ್ಟ್ರಿಗಳು ವಾಪಸ್ ಬಂದ್ವು. ಹಳೇ ಕೌನ್ಸಿಲ್‌ನಲ್ಲಿ ಪರಿಚಯ ಇದ್ದವರನ್ನ ಬಿಟ್ಟುಬಿಡ್ಬೇಡಿ, ಆ ಸಪ್ಲೈ ಡಿಪೋಗಳೆಲ್ಲ ಗೋಸ್‌ಸ್ನಾಬ್ ಅನ್ನೋ ಸರಬರಾಜು ಸಮಿತಿ ಕೆಳಗೆ ಹೋಗಿವೆ, ಬೋರ್ಡ್ ಬದಲಾಗಿರತ್ತೆ, ಮೇಜಿನ ಹಿಂದಿನ ಮುಖಗಳು ಎಷ್ಟೋ ಕಡೆ ಅವೇ.

ಇನ್ನೊಂದು ಕಡೆ ಪಾರ್ಟಿ, ಅಂದ್ರೆ ಕಮ್ಯುನಿಸ್ಟ್ ಪಾರ್ಟಿ. ಫ್ಯಾಕ್ಟರಿ ಒಳಗೆ ಪಾರ್ಟಿ ಕಮಿಟಿ ಸೆಕ್ರೆಟರಿ, ಊರಲ್ಲಿ ನಗರ ಕಮಿಟಿ, ಮೇಲೆ ಪ್ರಾಂತ್ಯದ ಕಮಿಟಿ. ನಿಮ್ಮ ನೇಮಕಕ್ಕೇ ಅವರ ಒಪ್ಪಿಗೆ ಬೇಕಾಗಿತ್ತು, ಪ್ಲಾನ್ ತಪ್ಪಿದ್ರೆ ಛೀಮಾರಿ ಕೊಡೋರೂ ಅವ್ರೇ, ಅದು ಪಾರ್ಟಿ ದಾಖಲೆಗೆ ಏರಿದ್ರೆ ಮುಂದಿನ ದಾರಿ ಕಷ್ಟ. ಆದ್ರೆ ಇವರನ್ನ ಬರೀ ಪೊಲೀಸ್ ತರ ನೋಡಿ ದೂರ ಇಟ್ರೆ ನಷ್ಟ ನಿಮಗೇ. ಇನ್ನೊಂದು ಪ್ರಾಂತ್ಯದಲ್ಲಿ ನಿಮ್ಮ ಕಾಸ್ಟಿಂಗ್ ತುಂಬಿದ ವ್ಯಾಗನ್ ಸಿಕ್ಕಿಹಾಕ್ಕೊಂಡಿದ್ರೆ ಮಿನಿಸ್ಟ್ರಿಗೆ ಬರೆದು ಉತ್ತರ ಬರೋಷ್ಟರಲ್ಲಿ ತಿಂಗಳು ಮುಗಿದಿರತ್ತೆ, ಅದೇ ನಿಮ್ಮ ಪ್ರಾಂತ್ಯದ ಸೆಕ್ರೆಟರಿ ಅಲ್ಲಿನ ಸೆಕ್ರೆಟರಿಗೆ ಒಂದು ಫೋನ್ ಮಾಡಿದ್ರೆ ವ್ಯಾಗನ್ ಹೊರಡತ್ತೆ. ಈ ಫೋನನ್ನ ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಕೇಳಿ, ನಿಜವಾಗ್ಲೂ ಲೈನ್ ನಿಲ್ಲೋ ಹಾಗಿದ್ದಾಗ. ಸಣ್ಣಪುಟ್ಟದಕ್ಕೆಲ್ಲ ಹೋದ್ರೆ ದೊಡ್ಡ ಕಷ್ಟ ಬಂದಾಗ ಬಾಗಿಲು ತೆರೆಯಲ್ಲ.

ಇನ್ನು ಗೋಸ್‌ಬ್ಯಾಂಕ್, ಅಂದ್ರೆ ಸರ್ಕಾರಿ ಬ್ಯಾಂಕ್. ಇಲ್ಲಿ ಎರಡು ತರದ ದುಡ್ಡು ಇದೆ ಅಂತ ತಿಳ್ಕೊಳ್ಳಿ, ಫ್ಯಾಕ್ಟರಿಗಳ ನಡುವೆ ಅಕೌಂಟಿಂದ ಅಕೌಂಟಿಗೆ ಓಡೋ ಲೆಕ್ಕದ ರೂಬಲ್ ಒಂದು, ಸಂಬಳಕ್ಕೆ ಕೊಡೋ ನೋಟಿನ ರೂಬಲ್ ಇನ್ನೊಂದು, ಮೊದಲನೇದನ್ನ ನಿಮ್ಮಿಷ್ಟಕ್ಕೆ ಎರಡನೇದು ಮಾಡೋಕಾಗಲ್ಲ. ಸಂಬಳದ ಫಂಡ್ ಮೇಲೆ ಬ್ಯಾಂಕ್ ಕಣ್ಣಿಟ್ಟಿರತ್ತೆ, ಪ್ಲಾನ್ ಎಷ್ಟು ಮುಗೀತು ಅಂತ ನೋಡ್ಕೊಂಡೇ ಬಿಡುಗಡೆ. ಹಾಗಾಗಿ ಚೀಫ್ ಅಕೌಂಟೆಂಟ್ ಜೊತೆ ಸಂಬಂಧ ಚೆನ್ನಾಗಿರ್ಲಿ. ಆಕೆ (ಎಷ್ಟೋ ಕಡೆ ಹೆಂಗಸರೇ ಈ ಸೀಟಲ್ಲಿ) ನಿಮ್ಮ ಕೈಕೆಳಗೆ ಇದ್ರೂ ಕಾನೂನಿಗೆ ವಿರುದ್ಧ ಇರೋ ಕಾಗದಕ್ಕೆ ಸಹಿ ಹಾಕದೇ ಇರೋ ಹಕ್ಕು, ಕರ್ತವ್ಯ ಎರಡೂ ಆಕೆಗಿದೆ. ಬೇಡ ಅಂದ್ರೆ ಕೇಳಿ.

ಪ್ಲಾನ್ ಬರೋದಕ್ಕಿಂತ ಮುಂಚಿನ ಕೆಲಸ

ವರ್ಷ ಗೆಲ್ಲೋದೋ ಸೋಲೋದೋ ಇಲ್ಲೇ ನಿರ್ಧಾರ ಆಗತ್ತೆ, ಸಾವಧಾನವಾಗಿ ಓದಿ. ಮುಂದಿನ ವರ್ಷದ ಪ್ಲಾನ್ ಮೊದಲು ಅಂದಾಜು ಅಂಕಿಯಾಗಿ ಗೋಸ್‌ಪ್ಲಾನ್‌ನಿಂದ ಮಿನಿಸ್ಟ್ರಿಗೆ, ಅಲ್ಲಿಂದ ಗ್ಲಾವ್ಕ್‌ಗೆ, ಅಲ್ಲಿಂದ ನಿಮಗೆ ಇಳಿಯತ್ತೆ, ನೀವು ನಿಮ್ಮ ಡ್ರಾಫ್ಟ್ ಮೇಲೆ ಕಳಿಸ್ತೀರಿ, ಚೌಕಾಸಿ ನಡೆಯತ್ತೆ, ಕೊನೆಗೆ ಅಂತಿಮ ಪ್ಲಾನ್ ಬರತ್ತೆ, ಕೆಲವು ಸಲ ಹೊಸ ವರ್ಷ ಶುರುವಾದ್ಮೇಲೆ ಬರತ್ತೆ, ಬಂದ್ಮೇಲೂ ನಡುವೆ ತಿದ್ದುಪಡಿ ಆಗ್ತಾನೇ ಇರತ್ತೆ. ಆದ್ರೆ ಮಾಲಿಗೆ ಬೇಡಿಕೆ ಪಟ್ಟಿನ ಅದಕ್ಕಿಂತ ತಿಂಗಳುಗಟ್ಟಲೆ ಮುಂಚೆನೇ ಕೊಡ್ಬೇಕು. ಎಷ್ಟು ಪಂಪ್ ಮಾಡ್ಬೇಕು ಅಂತ ಗೊತ್ತಾಗೋ ಮುಂಚೆನೇ ಎಷ್ಟು ಸ್ಟೀಲ್ ಬೇಕು ಅಂತ ಬರೀಬೇಕು. ಗೋಸ್‌ಪ್ಲಾನ್ ಕೈಯಲ್ಲಿ ಸುಮಾರು 2000 ಮುಖ್ಯ ವಸ್ತುಗಳ ಲೆಕ್ಕ, ಮಿಕ್ಕ ಸಾವಿರಾರು ಐಟಂ ಗೋಸ್‌ಸ್ನಾಬ್, ಮಿನಿಸ್ಟ್ರಿಗಳ ಪಾಲು, ಎಲ್ಲಾ ಕಡೆ ಬರೋ ಬೇಡಿಕೆ ಸೇರಿಸಿದ್ರೆ ಇರೋ ಮಾಲಿಗಿಂತ ಯಾವಾಗ್ಲೂ ಜಾಸ್ತಿ, ಅದಕ್ಕೆ ಅವ್ರು ಎಲ್ಲರದ್ದೂ ಕತ್ತರಿಸ್ತಾರೆ. ಕತ್ತರಿಸ್ತಾರೆ ಅಂತ ಗೊತ್ತಿರೋದ್ರಿಂದ ಎಲ್ಲರೂ ಜಾಸ್ತಿ ಬರೀತಾರೆ. ನೀವೊಬ್ರು ನಿಜ ಬರೆದ್ರೆ ನಿಮ್ಮದೂ ಕತ್ತರಿಸ್ತಾರೆ, ಮಾರ್ಚ್‌ನಲ್ಲಿ ಲೈನ್ ನಿಲ್ಲತ್ತೆ.

ಜಾಸ್ತಿ ಬರೆಯೋದಾದ್ರೂ ಆಧಾರ ಇಟ್ಕೊಂಡು ಬರೀರಿ. ಒಂದು ಪಂಪ್‌ಗೆ ಇಷ್ಟು ಕೇಜಿ ಲೋಹ ಅನ್ನೋ ಬಳಕೆ ನಾರ್ಮ್ ಇರತ್ತಲ್ಲ, ಅದನ್ನ ನಿಮ್ಮ ಎಂಜಿನಿಯರ್‌ಗಳು ಲೆಕ್ಕ ಹಾಕಿ ಗ್ಲಾವ್ಕ್ ಒಪ್ಪಿರೋ ಕಾಗದ. ವೇಸ್ಟೇಜ್‌ಗೆ ಸ್ವಲ್ಪ ಉದಾರವಾಗಿ ಬಿಟ್ಟು ನಾರ್ಮ್ ಒಪ್ಪಿಸ್ಕೊಂಡ್ರೆ ಪ್ರತಿ ವರ್ಷ ಜಗಳ ಆಡ್ಬೇಕಿಲ್ಲ, ಸುಮ್ಮನೆ ಕೊನೇಲಿ ಒಂದು ಸೊನ್ನೆ ಸೇರಿಸೋ ಡೈರೆಕ್ಟರ್ ಒಂದೇ ವರ್ಷದಲ್ಲಿ ನಂಬಿಕೆ ಕಳ್ಕೊಳ್ತಾನೆ.

ಉತ್ಪಾದನೆ ಕಡೆ ಇದರ ಉಲ್ಟಾ. ನಿಮ್ಮ ಸಾಮರ್ಥ್ಯ ಪೂರ್ತಿ ತೋರಿಸ್ಬೇಡಿ. ಪ್ಲಾನ್ ಮಾಡೋರು ಕಳೆದ ವರ್ಷ ಎಷ್ಟು ಮುಟ್ಟಿದ್ರಿ ಅಂತ ನೋಡ್ತಾರೆ, ಅದಕ್ಕೆ ಸ್ವಲ್ಪ ಸೇರಿಸಿ ಮುಂದಿನ ವರ್ಷಕ್ಕೆ ಕೊಡ್ತಾರೆ, ಕೆಳಗೆ ಇಳಿಸೋದು ಬಹಳ ಅಪರೂಪ. ಈ ವರ್ಷ 115 ಪರ್ಸೆಂಟ್ ಮಾಡಿದ್ರೆ ಪೇಪರಲ್ಲಿ ಫೋಟೋ ಬರಬಹುದು, ಮುಂದಿನ ವರ್ಷ ಆ 115 ನಿಮ್ಮ ನೂರು ಆಗತ್ತೆ. 99 ಆದ್ರೆ ಬೋನಸ್ ಹೋಯ್ತು, ನಿಮ್ಮೊಬ್ಬರದ್ದಲ್ಲ, ಎಂಜಿನಿಯರ್, ಶಾಪ್ ಮುಖ್ಯಸ್ಥರು ಎಲ್ಲರದ್ದೂ. ಹಾಗಾಗಿ ಗುರಿ 101, 102, ಹೆಚ್ಚಂದ್ರೆ 103. ಇನ್ನೂ ಮಾಡೋಕಾಗತ್ತೆ ಅನ್ಸಿದ್ರೆ ರೆಡಿ ಆದ ಪಂಪುಗಳನ್ನ ಟೆಸ್ಟಿಂಗ್ ಹಂತದಲ್ಲೇ ಇಟ್ಕೊಂಡು ಜನವರಿ ಲೆಕ್ಕಕ್ಕೆ ಬಿಡಿ.

ಇದೆಲ್ಲ ಸುಳ್ಳಲ್ವಾ ಅಂತ ಕೇಳ್ಬಹುದು. ನಾನು ಸುಳ್ಳು ಅನ್ನಲ್ಲ, ಸಪ್ಲೈ ಯಾವಾಗ ಕೈಕೊಡತ್ತೋ ಗೊತ್ತಿಲ್ದೇ ಇರೋ ಜಾಗದಲ್ಲಿ ಮೂರು ಸಾವಿರ ಮನೆಗಳ ಬೋನಸ್ ಕೈಯಲ್ಲಿಟ್ಕೊಂಡಿರೋ ಮನುಷ್ಯ ಸ್ವಲ್ಪ ಮೀಸಲು ಇಟ್ಕೊಳ್ಳಲೇಬೇಕು. ಆದ್ರೆ ಇದರ ಬೆಲೆ ಯಾರು ಕಟ್ತಾರೆ ಅಂತಾನೂ ಗೊತ್ತಿರ್ಬೇಕು, ನೀವು ಗೋಡೌನಲ್ಲಿ ತುಂಬಿಟ್ಟ ಬೇರಿಂಗ್ ಇನ್ಯಾವುದೋ ಊರಲ್ಲಿ ಇಲ್ಲದ ಬೇರಿಂಗ್. ಎಲ್ಲರೂ ಬಚ್ಚಿಟ್ರೆ ಕೊರತೆ ಇನ್ನೂ ಜಾಸ್ತಿ ಆಗತ್ತೆ, ಕೊರತೆ ಜಾಸ್ತಿ ಆದಷ್ಟೂ ಎಲ್ಲರೂ ಇನ್ನೂ ಬಚ್ಚಿಡ್ತಾರೆ. ಇಡೀ ವ್ಯವಸ್ಥೆಯ ದೊಡ್ಡ ಗಾಯ ಇದೇ ಅಂತ ನನ್ನ ಅಭಿಪ್ರಾಯ, ಒಬ್ಬ ಡೈರೆಕ್ಟರ್ ಒಳ್ಳೆಯವನಾದ ಮಾತ್ರಕ್ಕೆ ವಾಸಿ ಆಗೋದಲ್ಲ.

ಮಾಲು ತರೋದು

ಅಲಾಟ್‌ಮೆಂಟ್ ಸಿಕ್ತು ಅಂದ್ರೆ ಮಾಲು ಸಿಕ್ತು ಅಂತಲ್ಲ. ಅಲಾಟ್‌ಮೆಂಟ್ ಬರೀ ಹಕ್ಕು, ಆಮೇಲೆ ಇಂಥ ಸ್ಟೀಲ್ ಮಿಲ್‌ನಿಂದ ಇಂಥ ತ್ರೈಮಾಸಿಕದಲ್ಲಿ ಇಷ್ಟು ಟನ್ ಅಂತ ಆರ್ಡರ್ ಕಾಗದ ಬರ್ಬೇಕು, ಆಮೇಲೆ ಮಿಲ್ ಜೊತೆ ಒಪ್ಪಂದ, ಆಮೇಲೆ ವ್ಯಾಗನ್. ಮಿಲ್‌ಗೂ ಟನ್ ಲೆಕ್ಕದಲ್ಲಿ ಪ್ಲಾನ್ ಇದೆ, ಅವ್ರಿಗೆ ದಪ್ಪ ಶೀಟ್ ಸುಲಭ, ನಿಮಗೆ ಬೇಕಾಗಿರೋ ತೆಳು ಶೀಟ್ ಮಾಡಿದ್ರೆ ಟನ್ ಏರಲ್ಲ. ಮಾಲು ಬರ್ಲಿಲ್ಲ ಅಂತ ಸರ್ಕಾರಿ ಆರ್ಬಿಟ್ರೇಶನ್‌ಗೆ ಹೋಗ್ಬಹುದು, ದಂಡನೂ ಹಾಕ್ತಾರೆ, ಆದ್ರೆ ದಂಡದ ರೂಬಲ್‌ನಿಂದ ಪಂಪ್ ಆಗಲ್ಲ, ಮೇಲಾಗಿ ಕೇಸ್ ಹಾಕಿದ ಸಪ್ಲೈಯರ್ ಮುಂದಿನ ವರ್ಷ ನಿಮ್ಮ ಮುಖ ನೋಡಲ್ಲ. ನಾನು ಹೇಳೋದು, ಆರ್ಬಿಟ್ರೇಶನ್ ನಿಮ್ಮ ತಪ್ಪಲ್ಲ ಅಂತ ಮಿನಿಸ್ಟ್ರಿಗೆ ತೋರಿಸೋ ಕಾಗದಕ್ಕೆ ಮಾತ್ರ ಇಟ್ಕೊಳ್ಳಿ.

ನಿಜವಾಗ್ಲೂ ಮಾಲು ತರೋನು ತೊಲ್ಕಾಚ್. ಸಿಬ್ಬಂದಿ ಪಟ್ಟಿಯಲ್ಲಿ ಈ ಹೆಸರಿನ ಹುದ್ದೆ ಇರಲ್ಲ, ಸಪ್ಲೈ ವಿಭಾಗದ ಇನ್ಸ್‌ಪೆಕ್ಟರ್ ಅಂತಲೋ ಇನ್ನೇನೋ ಬರೆದಿರತ್ತೆ. ಅವನ ಕೆಲಸ ರೈಲು ಹತ್ತಿ ಸಪ್ಲೈಯರ್ ಊರಿಗೆ ಹೋಗಿ ಅಲ್ಲಿ ಲಾಡ್ಜ್‌ನಲ್ಲಿ ವಾರಗಟ್ಟಲೆ ಕೂತು ನಿಮ್ಮ ಆರ್ಡರ್ ಲೈನ್ ಮೇಲೆ ಹತ್ತೋ ತನಕ, ವ್ಯಾಗನ್‌ಗೆ ಲೋಡ್ ಆಗೋ ತನಕ ಬಿಡದೇ ಹಿಂದೆ ಬೀಳೋದು. ಪತ್ರಿಕೆಗಳು ಇವರನ್ನ ಬೈದಿದ್ದೇ ಬೈದಿದ್ದು, ಮೇಲಿನವರು ಪ್ರಯಾಣ ಭತ್ಯೆ ಕಡಿಮೆ ಮಾಡಿ ಅಂತ ಆದೇಶ ಕಳಿಸಿದ್ದೇ ಕಳಿಸಿದ್ದು, ಒಂದು ಫ್ಯಾಕ್ಟರಿನೂ ಇವರಿಲ್ದೇ ಇರೋಕಾಗ್ಲಿಲ್ಲ. ಇಂಥವನನ್ನ ಆರಿಸೋವಾಗ ಮಾತುಗಾರನನ್ನಲ್ಲ, ಲೋಹ, ಡ್ರಾಯಿಂಗ್ ಎರಡೂ ಗೊತ್ತಿರೋನನ್ನ ಆರಿಸಿ, ಕೇಳಿದ ಗ್ರೇಡ್ ಇಲ್ಲ ಅಂದಾಗ ಅಲ್ಲೇ ನಿಂತು ಇದರ ಬದಲು ಅದು ನಡೆಯತ್ತೆ ಅಂತ ಹೇಳೋ ಶಕ್ತಿ ಇರ್ಬೇಕು. ಪಕ್ಕದ ಫ್ಯಾಕ್ಟರಿಗಳ ಜೊತೆ ಅದಲು ಬದಲು ಕೂಡ ಇವನ ಕೈಲೇ, ನಮ್ಮಲ್ಲಿ ಹೆಚ್ಚಿರೋ ಪೈಪ್ ನಿಮಗೆ, ನಿಮ್ಮಲ್ಲಿರೋ ಮೋಟರ್ ನಮಗೆ.

ಎರಡನೇ ದಾರಿ ನೀವೇ ಮಾಡ್ಕೊಳ್ಳೋದು. ಸಣ್ಣ ಫೌಂಡ್ರಿ, ಬೋಲ್ಟ್ ನಟ್ ಮಾಡೋ ಮೂಲೆ, ಟೂಲ್ ಶಾಪ್, ರಿಪೇರಿ ಶಾಪ್. ದೊಡ್ಡ ಸ್ಪೆಶಲೈಸ್ಡ್ ಪ್ಲಾಂಟ್‌ಗಿಂತ ನಿಮ್ಮ ಬೋಲ್ಟ್ ಎಷ್ಟೋ ಪಟ್ಟು ದುಬಾರಿ ಬೀಳತ್ತೆ, ಎಕಾನಮಿಸ್ಟ್‌ಗಳು ತಲೆ ಚಚ್ಕೋತಾರೆ, ಆದ್ರೂ ಮಾಡಿ, ಬೋಲ್ಟ್ ಇಲ್ದೇ ನಿಂತ ಪಂಪ್ ಅದಕ್ಕಿಂತ ದುಬಾರಿ.

ತಿಂಗಳ ಮೂರು ಹತ್ತು ದಿನಗಳು

ಸೋವಿಯತ್ ತಿಂಗಳನ್ನ ಹತ್ತು ಹತ್ತು ದಿನದ ಮೂರು ಭಾಗ ಮಾಡಿ ಲೆಕ್ಕ ಇಡ್ತಾರೆ. ಮೊದಲ ಹತ್ತು ದಿನ ನಿದ್ದೆ, ಎರಡನೇದು ಮೈ ಕೊಡವೋದು, ಮೂರನೇದು ಜ್ವರ ಅಂತ ಕಾರ್ಮಿಕರೇ ಹೇಳ್ತಿದ್ರು. ಮಾಲು ತಡವಾಗಿ ಬರತ್ತೆ, ಮೊದಲೆರಡು ವಾರ ಜನ ಸುಮ್ಮನೆ ಕೂರ್ತಾರೆ, ಕೊನೇ ವಾರ ಹಗಲು ರಾತ್ರಿ, ರಜೆ ದಿನ ಶನಿವಾರ ಕೂಡ ಕೆಲಸ. ಆಗ ಮಾಡಿದ ಮಾಲು ಹೇಗಿರತ್ತೆ ಊಹಿಸ್ಕೊಳ್ಳಿ, ಟಿವಿ ಫ್ರಿಜ್ ಕೊಳ್ಳೋ ಜನ ತಿಂಗಳ ಕೊನೇಲಿ ತಯಾರಾದ ಡೇಟ್ ಇದ್ರೆ ಬೇಡ ಅಂತಿದ್ರು.

ಇದನ್ನ ಪೂರ್ತಿ ತಪ್ಪಿಸೋಕಾಗಲ್ಲ, ಕಡಿಮೆ ಮಾಡ್ಬಹುದು. ಮೊದಲ ಹತ್ತು ದಿನ ಜನ ಖಾಲಿ ಇದ್ದಾಗ ಯಾವ ತಿಂಗಳಿಗಾದ್ರೂ ಬೇಕಾಗೋ ಪಾರ್ಟ್‌ಗಳನ್ನ, ಶಾಫ್ಟ್, ಇಂಪೆಲ್ಲರ್, ಗ್ಲ್ಯಾಂಡ್, ಮಾಡಿಸಿ ಅಸೆಂಬ್ಲಿ ಹಿಂದೆ ಸ್ಟಾಕ್ ಇಡಿ. ಮಶೀನ್ ರಿಪೇರಿ ಕಡ್ಡಾಯವಾಗಿ ಆಗಲೇ ಮುಗಿಸಿ. ಎಷ್ಟೋ ಡೈರೆಕ್ಟರ್‌ಗಳು ಪ್ಲಾನ್ ಒತ್ತಡಕ್ಕೆ ಮೊದಲು ಬಿಡೋದೇ ರಿಪೇರಿನ, ಲೇತ್ ಇನ್ನೊಂದು ತಿಂಗಳು ಓಡತ್ತೆ ಬಿಡು ಅಂತ, ಆಮೇಲೆ ಡಿಸೆಂಬರ್‌ನಲ್ಲಿ ಅದು ಮುರ್ಕೊಂಡು ಕೂರತ್ತೆ. ಓವರ್‌ಟೈಮ್‌ಗೆ ಒಬ್ಬರಿಗೆ ವರ್ಷಕ್ಕೆ 120 ಗಂಟೆ ಅಂತ ಕಾನೂನಿನ ಮಿತಿ ಇದೆ, ಯೂನಿಯನ್ ಒಪ್ಪಿಗೆನೂ ಬೇಕು, ಅದನ್ನ ಫೆಬ್ರವರಿ ಮಾರ್ಚ್‌ನಲ್ಲೇ ಖರ್ಚು ಮಾಡ್ಕೋಬೇಡಿ.

ಪ್ಲಾನ್ ಏನನ್ನ ಎಣಿಸತ್ತೆ

ಟನ್ ಎಣಿಸಿದ್ರೆ ಭಾರ ಬರತ್ತೆ, ರೂಬಲ್ ಎಣಿಸಿದ್ರೆ ದುಬಾರಿ ಮಾಲು ಬರತ್ತೆ. ತೂಕದಲ್ಲಿ ಪ್ಲಾನ್ ಇರೋದ್ರಿಂದ ಶಾಂಡಲಿಯರ್‌ಗಳು ಅಂದಕ್ಕಿಂತ ಭಾರ ಜಾಸ್ತಿ ಇರ್ತವೆ ಅಂತ ಕ್ರುಶ್ಚೇವ್ ಭಾಷಣದಲ್ಲೇ ದೂರಿದ್ರು. 1962ರಲ್ಲಿ ಖಾರ್ಕೊವ್‌ನ ಎಕಾನಮಿಸ್ಟ್ ಲೀಬರ್ಮನ್ ಲಾಭವನ್ನ ಮುಖ್ಯ ಅಳತೆ ಮಾಡಿ ಅಂತ ಪಾರ್ಟಿ ಪತ್ರಿಕೆ ಪ್ರಾವ್ದಾದಲ್ಲಿ ಬರೆದ್ರು, 1965ರ ಸುಧಾರಣೆಯಲ್ಲಿ ಒಟ್ಟು ಉತ್ಪಾದನೆ ಬದಲು ಮಾರಾಟ, ಲಾಭ ಎರಡೂ ಮುಂದೆ ಬಂದ್ವು, ಮೇಲಿಂದ ಬರೋ ಸೂಚ್ಯಂಕಗಳ ಪಟ್ಟಿ ಚಿಕ್ಕದಾಯ್ತು, ಲಾಭದಿಂದ ಬೋನಸ್ ಫಂಡ್, ಮನೆ ಹಾಗೂ ಸಾಂಸ್ಕೃತಿಕ ಫಂಡ್, ಅಭಿವೃದ್ಧಿ ಫಂಡ್ ಅಂತ ಮೂರು ಇಟ್ಕೊಳ್ಳೋ ಅವಕಾಶ ಬಂತು. ಒಳ್ಳೇದೇ ಆಯ್ತು, ಆದ್ರೆ ಬೆಲೆ ಇನ್ನೂ ಮೇಲೇನೇ ನಿಗದಿ, ಸಪ್ಲೈ ಇನ್ನೂ ಅಲಾಟ್‌ಮೆಂಟಲ್ಲೇ, ಅಭಿವೃದ್ಧಿ ಫಂಡ್‌ನಲ್ಲಿ ದುಡ್ಡಿದ್ರೂ ಹೊಸ ಲೇತ್ ಸಿಗಲ್ಲ, ಮಿನಿಸ್ಟ್ರಿ ಒಂದೊಂದಾಗಿ ಹಳೇ ಸೂಚ್ಯಂಕಗಳನ್ನ ವಾಪಸ್ ತಂದು ಕೂರಿಸ್ತು.

ಇಲ್ಲಿ ಒಂದು ಮಾತು ಒತ್ತಿ ಹೇಳ್ಬೇಕು, ಸ್ಪೇರ್ ಪಾರ್ಟ್. ಪ್ಲಾನ್‌ನಲ್ಲಿ ಪೂರ್ತಿ ಪಂಪ್‌ಗೆ ಸಿಗೋ ಅಂಕ ಒಂದು ಸೀಲ್ ರಿಂಗ್‌ಗೆ ಸಿಗಲ್ಲ, ಅದಕ್ಕೆ ಯಾರಿಗೂ ಮಾಡೋ ಮನಸ್ಸಿಲ್ಲ, ಟ್ರ್ಯಾಕ್ಟರಿಂದ ಹಿಡಿದು ಎಲ್ಲಾ ಮಶೀನುಗಳು ಸಣ್ಣ ಪಾರ್ಟ್ ಇಲ್ದೇ ನಿಲ್ತಿದ್ವು. ನೀವು ಸ್ಪೇರ್ ಪಾರ್ಟ್ ಮಾಡ್ಸಿ, ಪ್ಲಾನ್‌ಗಿಂತ ಸ್ವಲ್ಪ ಜಾಸ್ತಿನೇ. ನಿಮ್ಮ ಪಂಪ್ ಯಾವುದೋ ಗಣಿಯಲ್ಲೋ ಊರಿನ ನೀರು ಸರಬರಾಜಲ್ಲೋ ಕೂತಿದೆ, ಅದು ನಿಂತ್ರೆ ಜನಕ್ಕೆ ನೀರಿಲ್ಲ, ಅಲ್ಲದೇ ಅದಲು ಬದಲು ವ್ಯವಹಾರದಲ್ಲಿ ಸ್ಪೇರ್ ಪಾರ್ಟ್‌ನಷ್ಟು ಚೆನ್ನಾಗಿ ನಡೆಯೋ ನಾಣ್ಯ ಇನ್ನೊಂದಿಲ್ಲ.

ಜನ

ಕೆಲಸಗಾರರು ಬಿಟ್ಟುಹೋಗೋಕೆ ಸ್ವತಂತ್ರರು. 1940ರ ಕಾನೂನಲ್ಲಿ ಅನುಮತಿ ಇಲ್ದೇ ಕೆಲಸ ಬಿಟ್ರೆ ಕ್ರಿಮಿನಲ್ ಕೇಸ್ ಇತ್ತು, 20 ನಿಮಿಷಕ್ಕಿಂತ ತಡವಾದ್ರೂ ಶಿಕ್ಷೆ ಇತ್ತು, 1956ರಲ್ಲಿ ಅದು ಹೋಯ್ತು. ಈಗ ಎರಡು ವಾರದ ನೋಟಿಸ್ ಕೊಟ್ರೆ ಸಾಕು, ಎಲ್ಲಾ ಫ್ಯಾಕ್ಟರಿಯಲ್ಲೂ ಜನ ಬೇಕು ಅಂತ ಬೋರ್ಡ್ ಇದ್ದೇ ಇರತ್ತೆ. ನೀವು ಮಾತ್ರ ಯೂನಿಯನ್ ಕಮಿಟಿ ಒಪ್ಪದೇ ಒಬ್ಬರನ್ನೂ ತೆಗೆಯೋಕಾಗಲ್ಲ. ಸಂಬಳ ದರಪಟ್ಟಿ ಮೇಲಿಂದ ಬರತ್ತೆ, ಆರು ಗ್ರೇಡ್, ಏರಿಸೋ ಅಧಿಕಾರ ನಿಮಗಿಲ್ಲ, ಹಾಗಾಗಿ ಮೇಸ್ತ್ರಿಗಳು ಪೀಸ್ ರೇಟ್ ಚೀಟಿ (ಮಾಡಿದ ಪೀಸ್ ಲೆಕ್ಕದಲ್ಲಿ ಕೂಲಿ) ಬರೆಯೋವಾಗ ಒಳ್ಳೇ ಫಿಟ್ಟರ್‌ಗೆ ಸುಲಭದ ನಾರ್ಮ್ ಹಾಕಿ ಸಂಬಳ ಹೊಂದಿಸ್ತಾರೆ. ಮಾಲು ಬರದೇ ಖಾಲಿ ಕೂತಿದ್ದು ಕಾರ್ಮಿಕರ ತಪ್ಪಲ್ಲವಲ್ಲ, ಅದಕ್ಕೆ ಇದು ನ್ಯಾಯ ಅಂತಾನೇ ಎಲ್ಲರೂ ನೋಡ್ತಿದ್ರು, ನಾನೂ ಹಾಗೇ ನೋಡ್ತೀನಿ.

ಜನರನ್ನ ಹಿಡಿದಿಡೋದು ಸಂಬಳ ಅಲ್ಲ, ಮನೆ. ಫ್ಯಾಕ್ಟರಿಯದೇ ಅಪಾರ್ಟ್‌ಮೆಂಟು, ಶಿಶುವಿಹಾರ, ಕ್ಲಿನಿಕ್ಕು, ಮಕ್ಕಳ ಬೇಸಿಗೆ ಕ್ಯಾಂಪು, ಕ್ಯಾಂಟೀನು, ಅಂಗಡಿಲಿ ಸಿಗದ ಮಾಂಸ ಬೆಣ್ಣೆ ಕೊಡೋ ಆರ್ಡರ್ ಡೆಸ್ಕು. ಮನೆ ಕ್ಯೂನಲ್ಲಿ ಹೆಸರಿರೋ ಟರ್ನರ್ ಬಿಟ್ಟುಹೋಗಲ್ಲ. ಈ ಕ್ಯೂನ ಗೋಡೆ ಮೇಲೆ ಎಲ್ಲರಿಗೂ ಕಾಣೋ ಹಾಗೆ ಹಾಕ್ಸಿ, ಯೂನಿಯನ್ ಜೊತೆ ಕೂತೇ ಹಂಚಿ, ಒಂದೇ ಒಂದು ಮನೆ ಸುಮ್ಮನೆ ಯಾರ ನೆಂಟರಿಗೋ ಹೋದ್ರೆ ಮೂರು ಸಾವಿರ ಜನರ ವಿಶ್ವಾಸ ಆವತ್ತೇ ಹೋಯ್ತು. ಮನೆ ಕಟ್ಟೋ ಟ್ರಸ್ಟ್, ಅಂದ್ರೆ ಸರ್ಕಾರಿ ಕಟ್ಟಡ ಸಂಸ್ಥೆ, ಸಿಮೆಂಟ್ ಇಲ್ಲ ಅಂದ್ರೆ ನಿಮ್ಮ ಪಂಪ್ ಕೊಟ್ಟಾದ್ರೂ ತನ್ನಿ. ಶರತ್ಕಾಲದಲ್ಲಿ ಆಲೂಗಡ್ಡೆ ಕೀಳೋಕೆ ಜನ ಕಳಿಸಿ ಅಂತ ನಗರ ಕಮಿಟಿಯಿಂದ ಆದೇಶ ಬರತ್ತೆ, ತಪ್ಪಿಸೋಕಾಗಲ್ಲ, ಅದಕ್ಕಂತಲೇ ಸ್ವಲ್ಪ ಹೆಚ್ಚು ಕೈಗಳನ್ನ ಇಟ್ಕೊಂಡಿರಿ.

ಹೆಚ್ಚು ಜನರನ್ನ ಯಾಕೆ ಇಟ್ಕೊಳ್ಬೇಕು ಅನ್ನೋರಿಗೆ ಷ್ಚೆಕಿನೊ ಉದಾಹರಣೆ ಇದೆ. ತೂಲಾ ಪ್ರಾಂತ್ಯದ ಆ ಕೆಮಿಕಲ್ ಪ್ಲಾಂಟ್‌ಗೆ 1967ರಲ್ಲಿ ಒಂದು ಮಾತು ಕೊಟ್ರು, ಜನ ಕಡಿಮೆ ಮಾಡಿ, ಉಳಿದ ಸಂಬಳದ ಫಂಡ್‌ನಲ್ಲಿ ಒಂದು ಪಾಲು ಉಳಿದವರಿಗೆ ಹಂಚಿ. ಅವ್ರು ನೂರಾರು ಜನರನ್ನ ಬೇರೆ ಕೆಲಸಕ್ಕೆ ಕಳಿಸಿದ್ರು, ಉತ್ಪಾದನೆ ಏರ್ತು. ಆಮೇಲೆ ಮಿನಿಸ್ಟ್ರಿ ನಿಧಾನಕ್ಕೆ ನಿಯಮ ಬದಲಾಯಿಸಿ ಆ ಉಳಿತಾಯಕ್ಕೇ ಕೈ ಹಾಕ್ತು. ಅದನ್ನ ನೋಡಿದ ಬೇರೆ ಡೈರೆಕ್ಟರ್‌ಗಳು ಏನು ಕಲಿತಿರ್ತಾರೆ ಅಂತ ನಿಮಗೇ ಗೊತ್ತಾಗತ್ತೆ.

ದಾಟಬಾರದ ಗೆರೆ

ಮೀಸಲು ಬಚ್ಚಿಡೋದು, ಬೇಡಿಕೆ ಜಾಸ್ತಿ ಬರೆಯೋದು, ತೊಲ್ಕಾಚ್ ಇಟ್ಕೊಳ್ಳೋದು, ಇವನ್ನೆಲ್ಲ ಮೇಲಿನವರು ನೋಡಿಯೂ ನೋಡದ ಹಾಗೆ ಇರ್ತಾರೆ. ಮಾಡದೇ ಇರೋ ಪಂಪನ್ನ ಮಾಡಿದ್ದೀವಿ ಅಂತ ರಿಪೋರ್ಟ್‌ನಲ್ಲಿ ತೋರಿಸೋದು ಬೇರೆ ವಿಷಯ. 1961ರಿಂದ ಅದಕ್ಕೆ ಕ್ರಿಮಿನಲ್ ಶಿಕ್ಷೆ ಇದೆ, ಮೂರು ವರ್ಷದ ತನಕ ಜೈಲು. ಡಿಸೆಂಬರ್ 31ರ ರಾತ್ರಿ ನಾಲ್ಕು ಪಂಪ್ ಕಡಿಮೆ ಬಿತ್ತು, ಜನವರಿ ಮೊದಲ ವಾರ ಮುಗಿಸಿ ಹಳೇ ಡೇಟ್ ಹಾಕೋಣ ಅಂತ ಶಾಪ್ ಮುಖ್ಯಸ್ಥ ಬಂದೇ ಬರ್ತಾನೆ. ಒಪ್ಪಬೇಡಿ. ಆ ನಾಲ್ಕು ಪಂಪ್ ಮುಂದಿನ ತಿಂಗಳ ಲೆಕ್ಕದಲ್ಲಿ ಸಾಲವಾಗಿ ಕೂರತ್ತೆ, ಮುಂದಿನ ತಿಂಗಳು ಎಂಟಾಗತ್ತೆ. ಇದರ ಬದಲು ನವೆಂಬರ್‌ನಲ್ಲೇ ಗ್ಲಾವ್ಕ್‌ಗೆ ಹೋಗಿ ಸಪ್ಲೈ ಬರದ ಕಾಗದಗಳನ್ನೆಲ್ಲ ಇಟ್ಟು ಪ್ಲಾನ್ ತಿದ್ದುಪಡಿ ಕೇಳಿ. ತಮ್ಮ ಇಡೀ ವಿಭಾಗ ನೂರು ಪರ್ಸೆಂಟ್ ತೋರಿಸ್ಬೇಕು ಅನ್ನೋ ಒತ್ತಡ ಅವ್ರಿಗೂ ಇದೆ, ಒಂದು ಕಡೆ ಜಾಸ್ತಿ ಮಾಡಿದ ಫ್ಯಾಕ್ಟರಿಗೆ ಏರಿಸಿ ನಿಮಗೆ ಇಳಿಸೋದು ಅವರ ಕೈಲಿದೆ, ಎಷ್ಟೋ ಸಲ ಇಳಿಸ್ತಾರೆ.

1988ರ ನಂತರ ಈ ಕುರ್ಚಿಗೆ ಬಂದವರಿಗೆ ಇಷ್ಟೇ ಹೇಳೋದು. ಆ ವರ್ಷ ಜನವರಿ 1ರಿಂದ ಹೊಸ ಎಂಟರ್‌ಪ್ರೈಸ್ ಕಾನೂನು, ಡೈರೆಕ್ಟರ್‌ನ ಕಾರ್ಮಿಕರೇ ಆರಿಸ್ಬಹುದು, ಪ್ಲಾನ್ ನೀವೇ ಮಾಡ್ಕೋಬಹುದು. ಆದ್ರೆ ಸರ್ಕಾರಿ ಆರ್ಡರ್ ಅನ್ನೋ ಹೆಸರಲ್ಲಿ ಹೆಚ್ಚುಕಮ್ಮಿ ಪೂರ್ತಿ ಸಾಮರ್ಥ್ಯ ಮೇಲಿನವರೇ ತಗೊಳ್ತಾರೆ, ಮಾಲು ಕೊಳ್ಳೋಕೆ ಮಾರ್ಕೆಟ್ ಇನ್ನೂ ಇಲ್ಲ, ಅಲಾಟ್‌ಮೆಂಟ್ ಕೊಡ್ತಿದ್ದ ಆಫೀಸುಗಳ ಮಾತು ಮಾತ್ರ ಮೊದಲಿನಷ್ಟು ನಡೆಯಲ್ಲ. ಆದ್ದರಿಂದ ಸ್ವಾತಂತ್ರ್ಯ ಬಂತು ಅಂತ ಹೊಸ ಸಪ್ಲೈಯರ್ ಹುಡುಕೋಕೆ ಹೋಗೋ ಮುಂಚೆ ಹಳೇ ಸ್ಟೀಲ್ ಮಿಲ್, ಬೇರಿಂಗ್ ಪ್ಲಾಂಟ್, ಫೌಂಡ್ರಿ, ಎಲ್ಲರ ಹತ್ತಿರ ನೀವೇ ಖುದ್ದಾಗಿ ಹೋಗಿ ನೇರ ಒಪ್ಪಂದ ಬರೆಸ್ಕೊಳ್ಳಿ, ರೂಬಲ್ ಲೆಕ್ಕದಲ್ಲಲ್ಲ, ಇಷ್ಟು ಟನ್ ಶೀಟ್‌ಗೆ ಇಷ್ಟು ಪಂಪ್, ಇಷ್ಟು ಸ್ಪೇರ್ ಪಾರ್ಟ್ ಅನ್ನೋ ಲೆಕ್ಕದಲ್ಲಿ.